ಮುಟ್ಟದೆ ದಾಟಿಸಿದ ಬಟ್ಟಲು

ನಮ್ಮ ಸಭೆಯಲ್ಲಿ ಒಬ್ಬರನ್ನು ಬೈಯುವುದಕ್ಕೆ ಒಂದು ಪದ್ಧತಿ ಇದೆ. ಯಾರೂ ಮುಖ ನೋಡಿ ಬೈಯುವುದಿಲ್ಲ. ಎದ್ದು ನಿಂತು, ಕಣ್ಣು ಮುಚ್ಚಿ, ಕೈ ಜೋಡಿಸಿ, ದೇವರ ಹತ್ತಿರ ಚಾಡಿ ಹೇಳುತ್ತಾರೆ. "ಕರ್ತನೇ, ನಮ್ಮ ನಡುವ ಒಬ್ಬ ಸಹೋದರಿ ಅದಾಳ" ಎಂದು ಶುರುವಾದರೆ ಸಾಕು, ತಲೆ ಬಗ್ಗಿಸಿ ಕುಳಿತ ಎಲ್ಲರ ಕಿವಿಯೂ ನೆಟ್ಟಗಾಗುತ್ತದೆ. ಆ ಸಹೋದರಿ ಯಾರೆಂಬುದು ಸಣ್ಣ ಮಕ್ಕಳಿಗೂ ಗೊತ್ತಾಗುತ್ತದೆ. ಬೈಸಿಕೊಂಡವರು ತಿರುಗಿ ಮಾತಾಡುವಂತಿಲ್ಲ. ಮಾತು ಅವರಿಗೆ ಹೇಳಿದ್ದಲ್ಲವಲ್ಲ, ದೇವರಿಗೆ ಹೇಳಿದ್ದು. ಕೊನೆಗೆ ಅವರೂ ಎಲ್ಲರ ಜೊತೆ ಆಮೆನ್ ಅನ್ನಬೇಕು.

ಈ ವಿದ್ಯೆಯಲ್ಲಿ ದೊಡ್ಡವ್ವನನ್ನು ಮೀರಿಸಿದವರಿಲ್ಲ. ನನಗೆ ಅವಳು ಬಳಗವೇನೂ ಅಲ್ಲ. ಸಭೆಯಲ್ಲಿ ಎಲ್ಲರೂ ಕರೆಯುತ್ತಾರೆಂದು ನಾನೂ ಹಾಗೇ ಕರೆಯುತ್ತೇನೆ. ವಿಜಯಪುರದ ಕಡೆಯವಳು, ಗಂಡ ಸತ್ತ ಮೇಲೆ ಗೋವಾಕ್ಕೆ ಬಂದು, ಇಲ್ಲಿ ದುಡಿಯುವ ನಮ್ಮ ಜನಕ್ಕೆ ಜೋಳದ ರೊಟ್ಟಿ ಬಡಿದು ಮಾರುತ್ತಾಳೆ. ಯೇಸುವಿನ ಹೆಸರು ಕೇಳಿದ್ದೇ ಇಲ್ಲಿಗೆ ಬಂದ ಮೇಲೆ. ನಾನೋ, ಬೆಟಗೇರಿಯವಳು. ನಮ್ಮ ಅಜ್ಜನ ಅಪ್ಪನ ಕಾಲದಿಂದ ನಾವು ಕ್ರೈಸ್ತರು. ನಿನ್ನೆ ಮೊನ್ನೆ ದೀಕ್ಷಾಸ್ನಾನ ತೆಗೆದುಕೊಂಡವಳು ನನಗೆ ಭಕ್ತಿ ಕಲಿಸುತ್ತಾಳೆ ಎಂಬ ಉರಿ ನನ್ನ ಹೊಟ್ಟೆಯಲ್ಲಿ ಮೊದಲಿನಿಂದಲೂ ಇತ್ತು. ವಯಸ್ಸಿನಲ್ಲಿ ಹಿರಿಯಳು, 'ಅವರು' ಎಂದು ಬರೆಯುವುದು ಮರ್ಯಾದೆ. ಬರೆಯಲು ನೋಡಿದೆ, ಕೈ ಬರಲಿಲ್ಲ.

ವಾಸ್ಕೊದಲ್ಲಿ ಬೈಕು ರಿಪೇರಿಯ ಗ್ಯಾರೇಜಿನ ಮೇಲಿರುವ ಬಾಡಿಗೆ ಕೋಣೆಯೇ ನಮ್ಮ ಆಲಯ. ಇಲ್ಲಿ ಮೂಲೆಗೊಂದು ಬಿಳಿ ಇಗರ್ಜಿ ಇದೆ, ಆದರೆ ಅವೆಲ್ಲ ಕ್ಯಾಥೋಲಿಕರವು. ನಾವು ಕನ್ನಡದ ಪ್ರೊಟೆಸ್ಟೆಂಟರು ಕೈಬೆರಳಲ್ಲಿ ಎಣಿಸುವಷ್ಟು ಮನೆಯವರು. ಬಂದರಿನ ಕೂಲಿಗಳು, ಗಾರೆ ಕೆಲಸದವರು, ಹೋಟೆಲಿನಲ್ಲಿ ಪಾತ್ರೆ ತೊಳೆಯುವವರು. ಸಾಂಖಳಿಯಿಂದ ಒಬ್ಬರು ಬಸ್ಸು ಬದಲಿಸಿ ಬದಲಿಸಿ ಬರುತ್ತಾರೆ. ಕಾಣಕೋಣದ ಒಂದು ಸಂಸಾರ ತಿಂಗಳ ಮೊದಲ ಭಾನುವಾರ, ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನ ಇರುವ ದಿನ, ತಪ್ಪದೆ ಬರುತ್ತದೆ. ಹೆಂಗಸರು ಎಡಕ್ಕೆ, ಗಂಡಸರು ಬಲಕ್ಕೆ. ಮೆಟ್ಟಿಲ ಮೇಲೆ ಆಯಿಲ್ ವಾಸನೆ. ಇಂಥ ಜಾಗದಲ್ಲಿ ಇಷ್ಟೇ ಜನ ವಾರವಾರ ಮುಖ ನೋಡಬೇಕೆಂದರೆ ಯಾರ ಮನೆಯ ಸಾರಿನಲ್ಲಿ ಉಪ್ಪು ಹೆಚ್ಚಾಯಿತೆಂಬುದೂ ಎಲ್ಲರಿಗೂ ತಿಳಿದಿರುತ್ತದೆ.

ನನ್ನ ಗಂಡ ಮುರ್ಮುಗಾಂವ್ ಬಂದರಿನಲ್ಲಿ ಹಡಗಿನ ಹಗ್ಗ ಹಿಡಿಯುವ ಕೆಲಸದವರು. ಕುಡಿಯುತ್ತಿದ್ದರು. ಆಲಯದ ಕಡೆ ತಲೆ ಹಾಕದವರಾದ್ದರಿಂದ ಇದೊಂದನ್ನು ಮಾತ್ರ ಸಭೆಗೆ ಗೊತ್ತಾಗದ ಹಾಗೆ ಮುಚ್ಚಿಟ್ಟಿದ್ದೆ. ವಾರವೆಲ್ಲ ದುಡಿದು ಶನಿವಾರ ಸಂಜೆ ಕೂತರೆ ಭಾನುವಾರ ಹಾಳು, ಸೋಮವಾರ ಬೆಳಿಗ್ಗೆ ಕೈ ನಡುಕ. ಆ ಕೆಲಸದಲ್ಲಿ ಕೈ ನಡುಗಿದರೆ ಹಗ್ಗ ಸೆಳೆದು ಕಾಲು ಹೋಗುತ್ತದೆ, ಇಲ್ಲವೆ ಪ್ರಾಣವೇ ಹೋಗುತ್ತದೆ. ಕೆಲಸಗಾರರ ಮೇಲಿನ ಮುಕಾದಮ ಎರಡು ಸಲ ಗದರಿಸಿ ಕಳಿಸಿದ್ದ. ನಾನು ಅತ್ತೆ, ಜಗಳ ಆಡಿದೆ, ತವರಿಗೆ ಹೋಗುತ್ತೇನೆಂದು ಹೆದರಿಸಿದೆ. ಯಾವುದಕ್ಕೂ ಅವರು ಜಗ್ಗಲಿಲ್ಲ.

ಜಗ್ಗಿದ್ದು ಭಾನುವಾರಕ್ಕೆ. ಒಂದು ದಿನ ಏನು ತಿಳಿಯಿತೋ, ನನ್ನ ಜೊತೆ ಆಲಯಕ್ಕೆ ಬಂದು ಹಿಂದಿನ ಬೆಂಚಿನಲ್ಲಿ ಕುಳಿತು ಹಾಡಿದರು. ಅವರ ದನಿ ದಪ್ಪ, ತಗ್ಗಿನದು. ಅಯ್ನೋರು, ಅಂದರೆ ನಮ್ಮ ಸಭಾಪಾಲಕರು, ಹಾಡಿನ ನಡುವೆಯೇ ತಿರುಗಿ ನೋಡಿದರು. ಮುಗಿದ ಮೇಲೆ ಗಂಡಸರೆಲ್ಲ ಕೈ ಹಿಡಿದು, "ಮುಂದಿನ ವಾರನೂ ಬರ್ರಿ, ನೀವಿಲ್ಲಂದ್ರ ಹಾಡು ಸಪ್ಪಗ ಆಗ್ತೈತಿ" ಅಂದರು. ಮನೆಗೆ ಬರುವಾಗ ಗಂಡ ನನಗೆ ಹೇಳಿದ್ದು ಇಷ್ಟೇ: "ಐತವಾರ ಹಾಡಬೇಕಂದ್ರ ಶನಿವಾರ ಕುಡಿಯೂದು ಆಗೂದಿಲ್ಲ ನೋಡು." ಅವರಿಗೆ ಪಾಪ ಪುಣ್ಯದ ಉಪದೇಶ ಬೇಕಾಗಿರಲಿಲ್ಲ. ತನಗಾಗಿ ಕೆಲವರು ಕಾಯುತ್ತಿದ್ದಾರೆ ಎಂಬುದೊಂದು ಬೇಕಾಗಿತ್ತು. ಆ ಮಳೆಗಾಲ ಪೂರ್ತಿ ಅವರು ಶನಿವಾರದ ಸಂಜೆ ಬಾಗಿಲಲ್ಲಿ ಕುಳಿತು ಬಿಳಿ ಅಂಗಿಗೆ ಇಸ್ತ್ರಿ ಹಾಕಿದರು.

ಕೆಟ್ಟಿದ್ದು ವೈನಿನಿಂದ. ನಮ್ಮೂರಿನ ಸಭೆಗಳಲ್ಲಿ ಕರ್ತನ ಭೋಜನಕ್ಕೆ ಒಣದ್ರಾಕ್ಷಿ ನೆನೆಸಿ, ಕುದಿಸಿ, ಹಿಂಡಿ ರಸ ಮಾಡುತ್ತಿದ್ದರು. ಗೋವಾದಲ್ಲಿ ಯಾರಿಗೆ ಬೇಕು ಆ ರಗಳೆ? ಹಾಲಿನ ಅಂಗಡಿಗಿಂತ ವೈನಿನ ಅಂಗಡಿಯೇ ಹತ್ತಿರ. ಒಂದು ಬಾಟಲಿ ತಂದು ಬಟ್ಟಲಿಗೆ ಸುರಿದರೆ ಆಯಿತು. ಮೇಜು ಸಿದ್ಧ ಮಾಡುವ ಕೆಲಸ ದೊಡ್ಡವ್ವನದು, ಬಾಟಲಿ ತರುವುದೂ ಅವಳೇ. ನಮ್ಮಲ್ಲಿ ಒಂದೇ ಬಟ್ಟಲು, ಬೆಂಚಿನಿಂದ ಬೆಂಚಿಗೆ ಕೈಯಿಂದ ಕೈಗೆ ದಾಟುತ್ತದೆ. ಹೊಸದಾಗಿ ಬರುವವರಿಗೆ ಕೆಲವು ತಿಂಗಳು ಅದನ್ನು ಕೊಡುವುದಿಲ್ಲ; ಮಳೆಗಾಲ ಮುಗಿದ ಮೇಲಿನ ಮೊದಲ ಭಾನುವಾರ ಅದು ಮೊದಲ ಸಲ ನನ್ನ ಗಂಡನ ಕೈಗೆ ಬಂತು. ಅವರು ಹಿಡಿದರು. ವಾಸನೆ ಮೂಗಿಗೆ ಬಡಿಯಿತು. ಕೈ ಸ್ವಲ್ಪ ನಡುಗಿತು. ತುಟಿಗೆ ಮುಟ್ಟಿಸದೆ ಪಕ್ಕದವರಿಗೆ ಕೊಟ್ಟುಬಿಟ್ಟರು. ಎಡಗಡೆಯಿಂದ ಅದನ್ನು ನೋಡಿದ ನನಗೆ ಕಣ್ಣಲ್ಲಿ ನೀರು ಬಂತು, ಅಷ್ಟು ಹೆಮ್ಮೆಯಾಗಿತ್ತು.

ನಾನೊಬ್ಬಳೇ ನೋಡಿರಲಿಲ್ಲ. ನಮ್ಮ ಜನರಲ್ಲಿ ಬಟ್ಟಲನ್ನು ಬಿಟ್ಟುಕೊಟ್ಟರೆ ಒಂದೇ ಅರ್ಥ. ಒಳಗೆ ಮುಚ್ಚಿಟ್ಟ ಪಾಪ ಇದೆ, ದೇವರ ಮುಂದೆ ಧೈರ್ಯ ಸಾಲಲಿಲ್ಲ, ಅಷ್ಟೇ. ಪ್ರಾರ್ಥನೆಯ ಹೊತ್ತಿಗೆ ದೊಡ್ಡವ್ವ ಎದ್ದಳು. "ಕರ್ತನೇ, ಇವತ್ತ ನಿನ್ನ ಬಟ್ಟಲಾ ಒಬ್ಬಾಂವ ಮುಟ್ಟಲಿಲ್ಲಪ್ಪಾ. ಕೈ ನಡುಗೂದು ನಾ ಕಣ್ಣಾರೆ ಕಂಡೇನಿ. ಮುಚ್ಚಿಟ್ಟ ಪಾಪಕ್ಕ ಕೈ ಹಂಗ ನಡುಗತೈತಿ. ಬಿಳಿ ಅಂಗಿ ತೊಟ್ಟು ಬಂದು ಹಾಡಿದ್ರ ಒಳಗಿನ ಹೊಲಸು ಹೋಗೂದಿಲ್ಲ. ಆಂವಗ ಬುದ್ಧಿ ಕೊಡು." ಎಲ್ಲರೂ ಆಮೆನ್ ಅಂದರು. ಪಕ್ಕದ ಹೆಂಗಸು ಮೊಣಕೈಯಿಂದ ತಿವಿದಾಗ, ದೇವರೇ, ನನ್ನ ಬಾಯಿಂದಲೂ ಅಭ್ಯಾಸಬಲದಿಂದ ಆಮೆನ್ ಬಂದುಬಿಟ್ಟಿತು.

ಗಂಡ ಮನೆಗೆ ಬಂದು ಅಂಗಿ ಬಿಚ್ಚಿ ಮೊಳೆಗೆ ತೂಗುಹಾಕಿದರು. ಮುಂದಿನ ಭಾನುವಾರ ಅದನ್ನು ತೊಡಲಿಲ್ಲ. ನಾನು ಕರೆಯಲೂ ಇಲ್ಲ. ಹೋಗಲಿ ಬಿಡಿ, ಯಾರಿಗೆ ಬೇಕಾಗಿತ್ತು ಆ ಜನರ ಸಹವಾಸ. ನಾನೂ ಹೋಗುವುದನ್ನು ಬಿಟ್ಟೆ. ಭಾನುವಾರ ಬೆಳಿಗ್ಗೆ ಮೊಬೈಲನ್ನು ಹೊಲಿಗೆ ಯಂತ್ರಕ್ಕೆ ಒರಗಿಸಿ ಆರಾಧನೆ ನೋಡಲು ಶುರು ಮಾಡಿದೆ. ಎಷ್ಟು ಹಾಯಾಗಿತ್ತು ಹೇಳಲಿ! ಬೇಸರದ ಪ್ರಸಂಗ ಬಂದರೆ ಮುಂದೆ ಓಡಿಸು. ದನಿ ಹಿಡಿಸದಿದ್ದರೆ ಬೇರೆ ಪಾಸ್ಟರನನ್ನು ಹಾಕು. ಬ್ಲೌಸಿಗೆ ಹುಕ್ಸು ಹಾಕುತ್ತಲೇ ಸ್ತೋತ್ರ ಹೇಳು. ಯಾರೂ ನನ್ನನ್ನು ನೋಡುತ್ತಿರಲಿಲ್ಲ, ನಾನು ಯಾರನ್ನೂ ಸಹಿಸಬೇಕಾಗಿರಲಿಲ್ಲ. ಮನೆಯಲ್ಲಿ ನನ್ನ ದೇವರು ನಾನು ಹೇಳಿದ್ದಕ್ಕೆಲ್ಲ ಹೂಂ ಅನ್ನುತ್ತಿದ್ದ. ದೊಡ್ಡವ್ವ ಕೆಟ್ಟವಳು ಅಂದರೆ ಹೂಂ, ಅಯ್ನೋರು ಹೇಡಿ ಅಂದರೆ ಹೂಂ, ನಾನು ಮಾಡಿದ್ದೇ ಸರಿ ಅಂದರೆ ಅದಕ್ಕೂ ಹೂಂ.

ನಮ್ಮ ಬಾಡಿಗೆ ಮನೆಯ ಒಡತಿ, ಗೋವಾದ ಕ್ಯಾಥೋಲಿಕ್ ಹೆಂಗಸು, ನಾನು ಮನೆಯಲ್ಲೇ ಇರುವುದನ್ನು ನೋಡಿ, "ಆಯ್ತಾರಾ ಮಿಸಾಕ್ ಯೋ ಗೊ" ಎಂದು ಭಾನುವಾರದ ಪೂಜೆಗೆ ತನ್ನ ಇಗರ್ಜಿಗೆ ಕರೆದಳು. ಒಮ್ಮೆ ಹೋದೆ. ಚಂದದ ಕಟ್ಟಡ, ಫ್ಯಾನಿನ ಗಾಳಿ, ಒಳ್ಳೆಯ ಹಾಡು. ಯಾರಿಗೂ ನನ್ನ ಪರಿಚಯವಿರಲಿಲ್ಲ, ನನಗೂ ಅದೇ ಬೇಕಾಗಿತ್ತು. ಗಂಡ ಹೊರಗೆ ಮರದ ಕೆಳಗೆ ನಿಂತಿದ್ದರು. ಒಳಗೆ ಬಾರದ ಅವರನ್ನು ಯಾಕೆ ಬರಲಿಲ್ಲವೆಂದು ಕೇಳುವವರು ಆ ದೊಡ್ಡ ಇಗರ್ಜಿಯಲ್ಲಿ ಒಬ್ಬರೂ ಇರಲಿಲ್ಲ.

ಅಯ್ನೋರು ಮನೆಗೆ ಬಂದರು. ಚಹಾ ಕುಡಿದರು. "ಕೂಡಿ ಬರೂದು ಬಿಡಬಾರದವಾ, ಕ್ಷಮಿಸಿ ಬಿಡ್ರಿ" ಅಂದರು. ಈ 'ಕ್ಷಮಿಸಿ ಬಿಡ್ರಿ' ಎಂಬ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಒದೆ ತಿಂದವರಿಗೇ ಯಾವಾಗಲೂ ಈ ಬುದ್ಧಿವಾದ. ಗಂಡ ಯಾಕೆ ಬಟ್ಟಲು ಮುಟ್ಟಲಿಲ್ಲವೆಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ನನ್ನ ಗಂಡ ಕುಡುಕನಾಗಿದ್ದ, ಈಗ ಬಿಟ್ಟಿದ್ದಾನೆ ಎಂದು ನಾನೇಕೆ ಹೋಗಿ ಸಾಕ್ಷಿ ಹೇಳಬೇಕು? ಬಾಗಿಲವರೆಗೂ ಅವರನ್ನು ಕಳಿಸಲು ಹೋಗಲಿಲ್ಲ.

ಆಮೇಲೊಂದು ಶನಿವಾರ ಗಂಡ ತಡವಾಗಿ ಬಂದರು. ಚಪ್ಪಲಿ ಬಿಟ್ಟು, ಬಗ್ಗಿ, ಎರಡನ್ನೂ ಗೋಡೆಗೆ ಸರಿಯಾಗಿ ಜೋಡಿಸಿಟ್ಟರು. ಕುಡಿದ ದಿನ ಮಾತ್ರ ಅವರು ಅಷ್ಟು ಅಚ್ಚುಕಟ್ಟು. ನಾಳೆ ಯಾರೂ ಕಾಯುವವರಿರಲಿಲ್ಲ, ಹಾಡಬೇಕಾಗಿರಲಿಲ್ಲ, ಹಾಗಾಗಿ ಶನಿವಾರವನ್ನು ತಡೆಯುವುದು ಯಾವುದೂ ಉಳಿದಿರಲಿಲ್ಲ. ಅದರ ಮುಂದಿನ ವಾರವೂ ಹಾಗೇ ಆಯಿತು. ಸೋಮವಾರ ಅವರು ಬಂದರಿಗೆ ಹೊರಟಾಗ ನಾನು ಅವರ ಕೈಯನ್ನೇ ನೋಡುತ್ತಿದ್ದೆ. ಚಹಾದ ಕಪ್ಪು ಬಸಿಗೆ ತಾಗಿ ಸದ್ದು ಮಾಡುತ್ತಿತ್ತು.

ಅಂದು ಮಧ್ಯಾಹ್ನ ಹೊಲಿಗೆ ಬಿಟ್ಟು ದೊಡ್ಡವ್ವನ ಮನೆಗೆ ನಡೆದೆ. ಜಗಳಕ್ಕೇ ಹೋದೆ, ಬೇರೆ ಏನೂ ಹೇಳುವುದಿಲ್ಲ. ಅವಳು ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತಿದ್ದಳು. ರೊಟ್ಟಿಗೆ ಬಂದ ಗಾರೆ ಕೆಲಸದವರು ಬಾಗಿಲಲ್ಲಿ ನಿಂತಿದ್ದರು. ಒಳ್ಳೆಯದೇ ಆಯಿತು, ಅವಳೂ ನನ್ನ ಗಂಡನ ಮಾನ ಎಲ್ಲರ ಎದುರೇ ತೆಗೆದಿದ್ದಳಲ್ಲ.

"ದೊಡ್ಡವ್ವಾ, ನನ್ನ ಗಂಡ ಬಟ್ಟಲಾ ಯಾಕ ಮುಟ್ಟಲಿಲ್ಲ ಗೊತ್ತೈತೇನ್ರಿ ನಿಮಗ?" ಅಂದೆ. "ಅದರಾಗ ನೀವು ಸುರುವಿದ್ದು ವೈನ್ ಇತ್ತು! ಅವರು ಕುಡಿಯೂದು ಬಿಟ್ಟಿದ್ರು. ವಾಸನಿ ತಡಕೊಂಡು ಮುಂದ ಕೊಟ್ರು. ನೀವು ಎದ್ದು ನಿಂತು ದೇವರ ಮುಂದ ಅವರನ್ನ ಹೊಲಸು ಅಂದ್ರಿ. ಈಗ ಮತ್ತ ಕುಡ್ಯಾಕತ್ತಾರ. ಚಲೋ ಆತೇನ್ರಿ ನಿಮಗ?"

ಅವಳ ಕೈ ನಿಂತಿತು. ಹಂಚಿನ ಮೇಲಿನ ರೊಟ್ಟಿ ಹೊತ್ತಿ ಹೊಗೆ ಬಂತು. ಅಳುತ್ತಾಳೆ, ತಪ್ಪಾಯಿತು ಅನ್ನುತ್ತಾಳೆ ಎಂದು ಕಾದೆ. ಅವಳು ರೊಟ್ಟಿ ತೆಗೆದು ಬದಿಗೆಸೆದು ನನ್ನನ್ನು ನೋಡಿದಳು.

"ನನಗ ಯಾರು ಹೇಳಿದ್ರು?"

"ನೀವು ಕೇಳಬೇಕಿತ್ತು."

"ನಾ ಕೇಳಬೇಕಿತ್ತು, ಖರೇ. ನೀ ಹೇಳಬೇಕಿತ್ತು. ಮುಂದಿನ ಐತವಾರ ಬಂದು ಎದ್ದು ನಿಂತು ನನ್ನ ಬಾಯಿ ಮುಚ್ಚಸಬೇಕಿತ್ತು. ಅಲ್ಲಿ ನಾ ಏನ್ ಅಂದೆನೋ ಅದ ಉಳದೈತಿ. ಎಲ್ಲಾರೂ ಅದನ್ನ ನಂಬ್ಯಾರ. ಮನ್ಯಾಗ ಫೋನ್ ಮುಂದ ಕುಂತು ಸಿಟ್ಟ ಮಾಡಿದ್ರ ನನಗ ಹೆಂಗ ತಿಳೀಬೇಕು?"

"ನಿಮ್ಮ ಮಾರಿ ನೋಡಾಕ ಮನಸ್ಸಿರಲಿಲ್ಲ."

"ನಿನ್ನ ಮಾರಿ ನೋಡಾಕ ನನಗೂ ಅಷ್ಟೇನ್ ಖುಷಿ ಇಲ್ಲ" ಅಂದಳು. "ಊರಿಗೆ ಬಂದಾಕಿ ನೀರಿಗೆ ಬರದ ಇರ್ತಾಳೇನು? ಬರಬೇಕಾಗ್ತೈತಿ. ಬಂದಿಯಲಾ ಈಗ."

ಕ್ಷಮೆ ಕೇಳಲಿಲ್ಲ. ಇಂದಿಗೂ ಕೇಳಿಲ್ಲ. ನಿಂತಿದ್ದವರಿಗೆ ರೊಟ್ಟಿ ಸುತ್ತಿ ಕೊಡಲು ತಿರುಗಿಕೊಂಡಳು. ನಾನು ಬೈದು ಬಂದರೂ ಸೋತು ಬಂದ ಹಾಗಾಗಿತ್ತು, ದಾರಿಯುದ್ದಕ್ಕೂ ಆಡದೆ ಬಿಟ್ಟ ಮಾತುಗಳನ್ನು ಗೊಣಗಿಕೊಂಡೆ.

ಆ ಶನಿವಾರ ಸಂಜೆ, ಗಂಡ ಕೆಲಸದಿಂದ ಬಂದು ಮುಖ ತೊಳೆದು ಮತ್ತೆ ಚಪ್ಪಲಿ ಮೆಟ್ಟುವ ಹೊತ್ತಿಗೆ ಸರಿಯಾಗಿ ದೊಡ್ಡವ್ವ ನಮ್ಮ ಬಾಗಿಲಿಗೆ ಬಂದಳು. ಕೈಯಲ್ಲಿ ಕರಿ ಒಣದ್ರಾಕ್ಷಿಯ ಚೀಲ. ಒಳಗೆ ಕರೆಯಲಿಲ್ಲ ನಾನು. ಅವಳೇ ದಾಟಿ ಬಂದು, ನನ್ನದೇ ಪರಾತ ಎಳೆದುಕೊಂಡು, ಹೊಸ್ತಿಲಿಗೆ ಅಡ್ಡ ಕುಳಿತಳು. "ತಮ್ಮಾ, ಕುಂಡ್ರು. ಕಡ್ಡಿ ಆರಸು. ನನ್ನ ಕಣ್ಣಿಗೆ ಕಾಣೂದಿಲ್ಲ" ಅಂದಳು. ಬೆಂಚಿನ ಆಚೆ ನಡುಗುವ ಕೈ ಕಾಣುವ ಕಣ್ಣಿಗೆ ದ್ರಾಕ್ಷಿಯ ಕಡ್ಡಿ ಕಾಣುವುದಿಲ್ಲವಂತೆ! ಗಂಡ ನನ್ನ ಮುಖ ನೋಡಿದರು. ಹಿರಿಯ ಹೆಂಗಸನ್ನು ದಾಟಿಕೊಂಡು ಹೋಗುವುದು ಹೇಗೆ? ಕುಳಿತರು. ಒಂದೊಂದೇ ದ್ರಾಕ್ಷಿ ಹಿಡಿದು ಕಡ್ಡಿ ಕಿತ್ತರು. ಅವಳು ತನ್ನ ಸೊಸೆಯನ್ನು, ಗೋವಾದ ಉಪ್ಪು ಗಾಳಿಯನ್ನು, ಜೋಳದ ದರವನ್ನು ಬೈಯುತ್ತ ಕತ್ತಲಾಗುವ ತನಕ ಏಳಲಿಲ್ಲ. ನನ್ನ ಒಲೆಯ ಮೇಲೆ, ನನ್ನ ಗ್ಯಾಸಿನಲ್ಲಿ, ಅದನ್ನು ಕುದಿಸಿದಳು. ಉಪ್ಪಿಟ್ಟು ಮಾಡಿಕೊಟ್ಟೆ, ಉಪ್ಪು ಕಡಿಮೆ ಅಂದಳು.

ಮರುದಿನ ತಿಂಗಳ ಮೊದಲ ಭಾನುವಾರ. ಗಂಡ ಬಿಳಿ ಅಂಗಿ ತೊಟ್ಟರು. ತಾನೇ ಕಡ್ಡಿ ಆರಿಸಿದ ರಸ ತಾನೇ ಕುಡಿಯದಿದ್ದರೆ ಹೇಗೆ ಅಂದರು, ಅಷ್ಟೇ. ನಾನು ಹಿಂದೆ ನಡೆದೆ. ಬಟ್ಟಲು ಬಂದಾಗ ಅವರು ಎರಡೂ ಕೈಯಲ್ಲಿ ಹಿಡಿದು ಕುಡಿದು ದಾಟಿಸಿದರು. ಗಂಡಸರಲ್ಲಿ ಒಬ್ಬಿಬ್ಬರು, ಇದೇನು ಪಾನಕ ಎಂದು ಮುಖ ಸಿಂಡರಿಸಿದರು. ದೊಡ್ಡವ್ವ ತಿರುಗಿ ನೋಡಿದ ನೋಟಕ್ಕೆ ಸುಮ್ಮನಾದರು.

ಅಂದಿನಿಂದ ಪ್ರತಿ ಶನಿವಾರ ಆ ಹೆಂಗಸು ನಮ್ಮ ಮನೆಗೆ ಬರುತ್ತಾಳೆ. ಭೋಜನ ಇಲ್ಲದ ವಾರ ಬೇರೆ ಕೆಲಸ ಹೊತ್ತು ತರುತ್ತಾಳೆ. ಜೋಳದಲ್ಲಿ ಕಲ್ಲು ಆರಿಸುವುದು, ಆಲಯದ ಮೇಜಿನ ಬಟ್ಟೆಗೆ ಇಸ್ತ್ರಿ ಹಾಕುವುದು, ಹರಿದ ಹಾಡಿನ ಪುಸ್ತಕಕ್ಕೆ ರಟ್ಟು ಅಂಟಿಸುವುದು. ಶನಿವಾರ ಸಂಜೆ ಯಾವ ಹೊತ್ತಿಗೆ ಗಂಡನ ಕಾಲು ಹೊರಗೆಳೆಯುತ್ತದೆಂದು ಅವಳಿಗೆ ಸರಿಯಾಗಿ ಗೊತ್ತು. ಅವಳ ಗಂಡ ಹೇಗೆ ಸತ್ತನೆಂದು ನಾನು ಕೇಳಿಲ್ಲ, ಕೇಳಬೇಕಾಗಿಯೂ ಇಲ್ಲ. ನನ್ನ ಅಡುಗೆಮನೆಯ ಡಬ್ಬಗಳನ್ನು ಅವಳು ತನಗೆ ಬೇಕಾದ ಕಡೆ ಇಡುತ್ತಾಳೆ. ಅವಳು ಹೋದ ಮೇಲೆ ನಾನು ಮತ್ತೆ ನನ್ನ ಜಾಗಕ್ಕಿಡುತ್ತೇನೆ. ಮೊಬೈಲಿನ ಪಾಸ್ಟರು ಎಷ್ಟು ಚೆನ್ನಾಗಿ ಮಾತಾಡಿದರೂ ನನ್ನ ಹೊಸ್ತಿಲಿಗೆ ಅಡ್ಡ ಕೂರಲಾರ. ಇದನ್ನು ಒಪ್ಪಿಕೊಳ್ಳುವುದಕ್ಕೆ ನನಗೆ ಹಲ್ಲು ಕಚ್ಚಬೇಕಾಗುತ್ತದೆ, ಆದರೂ ಖರೇ ಮಾತು ಖರೇನೇ.

ಕ್ರಿಸ್ಮಸ್ ಕಳೆದ ಮೇಲೆ ಅವಳು ಮದುವೆಗೆಂದು ಊರಿಗೆ ಹೋದಳು. ಆ ಶನಿವಾರ ಹೊಸ್ತಿಲು ಖಾಲಿ ಇತ್ತು. ನಾನು ಅಡ್ಡ ಕೂತರೆ ಗಂಡನಿಗೆ ಅದು ಜಗಳದ ಹಾಗೆ ಕಾಣುತ್ತದೆ, ಜಗಳವೇ ಆಯಿತು. ಅವರು ಹೋದರು. ಬಂದು ಚಪ್ಪಲಿಗಳನ್ನು ಜೋಡಿಸಿಟ್ಟರು.

ಬೆಳಿಗ್ಗೆ ಎದ್ದು ಸ್ನಾನ ಮಾಡಿ ಬಿಳಿ ಅಂಗಿ ತೆಗೆದರು. ಸಾಬೂನಿನ ಕೆಳಗಿಂದಲೂ ವಾಸನೆ ಬರುತ್ತಿತ್ತು. ನನಗೆ ನಾಚಿಕೆಯಿಂದ ಜೀವ ಹೋಗುವಂತಾಯಿತು.

"ಇವತ್ತ ಬ್ಯಾಡ್ರಿ. ಮುಂದಿನ ವಾರ ಹೋಗೋಣು" ಅಂದೆ.

"ಇವತ್ತ ಬಿಟ್ರ ಮುಂದಿನ ವಾರ ಇಲ್ಲ" ಅಂದರು. ಗುಂಡಿ ಹಾಕಿಕೊಳ್ಳಲು ಬೆರಳು ಮಾತು ಕೇಳುತ್ತಿರಲಿಲ್ಲ. ನಾನು ಹಾಕಿಕೊಟ್ಟೆ.

ಆಲಯದಲ್ಲಿ ಅವರು ಎಂದಿನ ಬೆಂಚಿನಲ್ಲಿ ಕುಳಿತರು. ಪಕ್ಕದವರು ತುಸು ಸರಿದರು. ಹಾಡು ಶುರುವಾದಾಗ ದೊಡ್ಡವ್ವ ಊರಿನ ಬಸ್ಸಿಳಿದು ನೇರವಾಗಿ ಬಂದಳು, ಕೈಯಲ್ಲಿ ಗಂಟು, ಸೀರೆಯೆಲ್ಲ ಸುಕ್ಕು. ಗಂಡಸರ ಕಡೆಯಿಂದ ದಾಟಿ ಬರುವಾಗ ನನ್ನ ಗಂಡನ ಬೆಂಚಿನ ಹತ್ತಿರ ಅವಳ ಹೆಜ್ಜೆ ನಿಧಾನವಾಯಿತು. ಮೂಗು ಅರಳಿದ್ದನ್ನು ನೋಡಿದೆ. ಮುಗಿಯಿತು ಅಂದುಕೊಂಡೆ. ಅವಳು ಬಂದು ನನ್ನ ಪಕ್ಕದಲ್ಲೇ ಕುಳಿತಳು, ಜಾಗ ಬೇರೆ ಕಡೆ ಇದ್ದರೂ.

ಪ್ರಾರ್ಥನೆಯ ಹೊತ್ತಿಗೆ ಎಲ್ಲರೂ ಕಣ್ಣು ಮುಚ್ಚಿದರು. ನಾನು ಮುಚ್ಚಲಿಲ್ಲ. ಅವಳು ಬಾಯಿ ತೆರೆದು ಒಂದು ಮಾತು ಕೆಟ್ಟದ್ದು ಆಡಿದರೆ ಈ ಸಲ ನಾನೂ ಎದ್ದು ನಿಲ್ಲುತ್ತೇನೆ, ದೇವರ ಮುಂದೆಯೇ ಆಗಲಿ, ಸೆರಗು ಸೊಂಟಕ್ಕೆ ಕಟ್ಟಿ ಜಗಳಾಡುತ್ತೇನೆ ಎಂದು ನಿರ್ಧರಿಸಿದ್ದೆ. ಅವಳು ಎದ್ದಳು. ಕಣ್ಣು ಮುಚ್ಚಿ ಕೈ ಜೋಡಿಸಿದಳು. ಬಲಗಡೆ ನನ್ನ ಗಂಡನ ತಲೆ ಮೊಣಕಾಲಿನವರೆಗೆ ಬಗ್ಗಿತ್ತು.

"ಅಪ್ಪಾ, ಬಂದಾನ" ಅಂದಳು. "ಇವತ್ತೂ ಬಂದಾನ."

ಅಷ್ಟೇ ಹೇಳಿ ಕುಳಿತುಬಿಟ್ಟಳು. ಎಲ್ಲರೂ ಆಮೆನ್ ಅಂದರು. ನಾನೂ ಅಂದೆ. ನನ್ನ ದನಿಯೇ ಎಲ್ಲರಿಗಿಂತ ಜೋರಾಗಿ ಕೇಳಿಸಿತು. ಅವಳ ಪ್ರಾರ್ಥನೆಗೆ ಇಷ್ಟು ಜೋರಾಗಿ ಆಮೆನ್ ಅಂದೆನಲ್ಲ ಎಂದು, ಕಣ್ಣೊರೆಸಿಕೊಳ್ಳುತ್ತಲೇ, ನನಗೆ ಮತ್ತೆ ಸಿಟ್ಟು ಬಂತು.